ಪಾಡ್‌ಕಾಸ್ಟ್ | ಮಳೆಗಾಲಕ್ಕೆ ಮೊದಲು ನಿಮ್ಮ ಟ್ರಾನ್ಸ್‌ಫಾರ್ಮರ್‌ನವರನ್ನು ಹುಡುಕಿ

ಎಲ್ಲೂರಿನಿಂದ ಮಾತಾಡ್ತಾ ಇದ್ದೇನೆ. ಬೆಂಗಳೂರೋ ಮುಂಬಯಿಯೋ ಬಿಟ್ಟು ಊರಿಗೆ ವಾಪಸ್ ಬಂದವರು ನನ್ನ ಹತ್ರ ಆಗಾಗ ಒಂದು ಪ್ರಶ್ನೆ ಕೇಳ್ತಾರೆ. ನಮ್ಮ ಅಕ್ಕಿ, ನಮ್ಮ ನೀರು, ನಮ್ಮ ಕರೆಂಟು ನಾವೇ ನೋಡಿಕೊಳ್ಳಬೇಕು ಅಂತ ಆಸೆ ಉಂಟು, ಆಪತ್ತಿಗೆ ತಯಾರಾಗಿ ಇರಬೇಕು ಅಂತಲೂ ಉಂಟು. ಆದರೆ ಹೀಗೆ ಯೋಚನೆ ಮಾಡುವ ಸಮಾನ ಮನಸ್ಕರು ಇಲ್ಲಿ ಎಲ್ಲಿ ಸಿಗ್ತಾರೆ?

ನನ್ನ ಉತ್ತರ ಸ್ವಲ್ಪ ಬೇರೆ. ಸಮಾನ ಮನಸ್ಕರನ್ನು ಆಮೇಲೆ ಹುಡುಕುವಾ. ಮೊದಲು ನಿಮ್ಮದೇ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಪಡೆಯುವವರು ಯಾರು, ನಿಮ್ಮದೇ ತೋಡಿನ ನೀರು ಬಳಸುವವರು ಯಾರು ಅಂತ ನೋಡಿ. ಅವರ ಮನಸ್ಸು ನಿಮ್ಮ ಹಾಗೆ ಇಲ್ಲದೇ ಇರಬಹುದು, ಆದರೆ ಕಷ್ಟ ಮಾತ್ರ ಅವರಿಗೂ ನಿಮಗೂ ಒಂದೇ ದಿನ ಬರ್ತದೆ.

ಯಾಕೆ ಹೀಗೆ ಹೇಳ್ತೇನೆ ಅಂದ್ರೆ, ನಮ್ಮ ಎಲ್ಲೂರನ್ನೇ ನೋಡಿ. ಇಲ್ಲಿ ತಲಾ 600 ಮೆಗಾವ್ಯಾಟ್‌ನ 2 ಘಟಕ ಇರುವ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಉಂಟು. ಹೊರಗಿನವರು ನಗಾಡ್ತಾರೆ, ನಿಮಗೆ ಎಂತ ಮಾರಾಯ್ರೆ, ಮನೆ ಬಾಗಿಲಲ್ಲೇ ಕರೆಂಟು ಅಂತ. ಸ್ಥಾವರದ ವಿದ್ಯುತ್ತು ದೊಡ್ಡ ಟವರುಗಳ ಮೇಲೆ ಹೈ ಟೆನ್ಷನ್ ತಂತಿಯಲ್ಲಿ ರಾಜ್ಯದ ಜಾಲಕ್ಕೆ ಹೋಗ್ತದೆ. ನಮ್ಮ ಮನೆಗೆ ಬರುವುದು ಸಬ್‌ಸ್ಟೇಶನ್, 11 ಕೆವಿ ಫೀಡರ್, ಊರಿನ ಟ್ರಾನ್ಸ್‌ಫಾರ್ಮರ್ ಅಂತ ಇಳಿದು ಇಳಿದು. ಜೂನ್ ತಿಂಗಳ ಗಾಳಿಗೆ ತೆಂಗಿನ ಮಡಲು ಬೀಳುವುದು ಈ ಕೊನೆಯ ಒಂದೆರಡು ಕಿಲೋಮೀಟರಿನ ತಂತಿ ಮೇಲೆ. 1,200 ಮೆಗಾವ್ಯಾಟ್ ಪಕ್ಕದಲ್ಲೇ ಇದ್ರೂ ಆ ಮಡಲನ್ನು ತೆಗೆಯುವವರೆಗೆ ನಮಗೆ ಕತ್ತಲೆ. ಯಾರ ತೋಟದ ಯಾವ ಮರ ತಂತಿಗೆ ತಾಗ್ತದೆ ಅನ್ನುವುದು ಅಕ್ಕಪಕ್ಕದವರಿಗೇ ಗೊತ್ತು.

ತಯಾರಾಗಿ ಇರುವುದು ತುಳುನಾಡಿಗೆ ಹೊಸ ವಿಷಯ ಅಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಆಟಿ ತಿಂಗಳಿಗೆ ಅಂತ ಹಿರಿಯರು ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕ್ತಿದ್ದರು, ಹಲಸಿನ ಬೀಜ ಬೇಯಿಸಿ ಒಣಗಿಸಿ ಸಾಂತಾಣಿ ಮಾಡ್ತಿದ್ದರು, ಒಣಮೀನು, ಹಪ್ಪಳ, ಬೈಹುಲ್ಲಿನ ಮುಡಿಯಲ್ಲಿ ಅಕ್ಕಿ, ಕೊಟ್ಟಿಗೆಯಲ್ಲಿ ಸೌದೆ. ಇದೆಲ್ಲ ಮನೆಮನೆಯ ತಯಾರಿ. ಆದರೆ ನೀರು ಒಂದು ಮನೆಯ ಕೆಲಸ ಆಗಿರಲಿಲ್ಲ. ಅದಕ್ಕೆ ಕಟ್ಟ ಬೇಕಿತ್ತು.

ಕಟ್ಟ ಅಂದ್ರೆ ತೋಡಿಗೆ ಅಡ್ಡವಾಗಿ ಹಾಕುವ ತಾತ್ಕಾಲಿಕ ಒಡ್ಡು. ಮಳೆ ಕಳೆದು ಹರಿವು ಕಡಿಮೆಯಾದ ಮೇಲೆ, ಹೆಚ್ಚಾಗಿ ಡಿಸೆಂಬರ್ ಸುಮಾರಿಗೆ, ಕಲ್ಲು, ಮಣ್ಣು, ಮರ ಹಾಕಿ ಕಟ್ಟುವುದು. ಈಗ ಮರಳು ಚೀಲ, ಪ್ಲಾಸ್ಟಿಕ್ ಶೀಟು ಕೂಡ ಬಂದಿದೆ. ಮಳೆಗಾಲ ಶುರುವಾಗುವ ಮೊದಲು ಬಿಚ್ಚಿಬಿಡುವುದು. ಕಾಸರಗೋಡಿನ ಏತಡ್ಕದ ಕಟ್ಟಗಳ ಬಗ್ಗೆ ಜಲ ಪತ್ರಕರ್ತ ಶ್ರೀಪಡ್ರೆಯವರು ಬರೆದದ್ದನ್ನು ಕೆಲವರು ಓದಿರಬಹುದು. ಅಲ್ಲಿನ ವಿಶೇಷ ಏನು ಅಂದ್ರೆ ಒಂದೇ ಹೊಳೆಗೆ ಸಾಲಾಗಿ ಕಟ್ಟಗಳು. ಒಂದರ ಹಿಂದೆ ನಿಂತ ನೀರು ಸುತ್ತಲಿನ ಬಾವಿಗಳಿಗೆ ಇಳೀತದೆ, ಬಸಿದದ್ದು ಕೆಳಗಿನ ಕಟ್ಟಕ್ಕೆ ಸಿಗ್ತದೆ. ಮೇಲಿನವ ಕಟ್ಟಿದರೆ ಕೆಳಗಿನವನಿಗೂ ಲಾಭ, ಆದ್ದರಿಂದ ಯಾರೂ ಒಬ್ಬರೇ ಕಟ್ಟುವ ಹಾಗಿಲ್ಲ. ಕಟ್ಟದ ಕೆಲಸಕ್ಕೆ ಬರುವವರಲ್ಲಿ ಗಡಿ ತಕರಾರು ಇದ್ದವರು, ಬೇರೆ ಬೇರೆ ಪಕ್ಷದವರು ಎಲ್ಲ ಇರ್ತಾರೆ. ಜಗಳ ಮುಗಿಸಿ ಬಂದವರಲ್ಲ, ನೀರು ಬೇಕು ಅಂತ ಬಂದವರು.

ಹಾಗಾದ್ರೆ ಇವತ್ತು ಎಲ್ಲಿಂದ ಶುರು ಮಾಡುವುದು? ಹೊಸ ಸಂಘ ಕಟ್ಟಬೇಡಿ ಅಂತ ನನ್ನ ಅಭಿಪ್ರಾಯ. ಹಾಲಿನ ಸೊಸೈಟಿ, ಭಜನಾ ಮಂಡಳಿ, ಯುವಕ ಮಂಡಲ, ಸ್ತ್ರೀಶಕ್ತಿ, ಸಂಜೀವಿನಿ ಗುಂಪು, ಇಷ್ಟರಲ್ಲಿ ಒಂದಾದ್ರೂ ಇಲ್ಲದ ಊರು ಕರಾವಳಿಯಲ್ಲಿ ಸಿಗುವುದು ಕಷ್ಟ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳನ್ನು ನೋಡಿ. ಐದರಿಂದ ಎಂಟು ಜನ, ವಾರಕ್ಕೆ ಒಂದು ದಿನ ಎಲ್ಲರೂ ಸೇರಿ ಒಬ್ಬರ ಜಾಗದಲ್ಲಿ ಕೆಲಸ, ಮುಂದಿನ ವಾರ ಇನ್ನೊಬ್ಬರಲ್ಲಿ. ಹಳೇ ಮುಯ್ಯಾಳು ಪದ್ಧತಿಯೇ ಅದು. ಅದೇ ಯೋಜನೆಯ ಶೌರ್ಯ ವಿಪತ್ತು ನಿರ್ವಹಣಾ ಘಟಕ ನಿಮ್ಮ ಕಡೆ ಇದ್ದರೆ ಅವರಲ್ಲಿ ಹಗ್ಗ, ಮರ ಕತ್ತರಿಸುವ ಯಂತ್ರ, ಅದನ್ನು ಹಿಡಿದು ಅಭ್ಯಾಸ ಇರುವ ಕೈ ಉಂಟಾ ಅಂತ ವಿಚಾರಿಸಿ.

ಮೀಟಿಂಗ್ ಕರೀಬೇಡಿ. ಕೆಲಸಕ್ಕೆ ಕರೀರಿ. ನಾನಾದ್ರೆ ಪತ್ತನಾಜೆಯ ವಾರ ಇಟ್ಟುಕೊಳ್ಳುತ್ತೇನೆ. ಮೇ 24ರ ಆಸುಪಾಸಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರ್ತವೆ, ಕೋಲ, ನೇಮ ಮುಗಿದಿರ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ. ಅರ್ಧ ದಿನದಲ್ಲಿ ತೋಡಿನ ಕಸ ತೆಗೆಯಿರಿ. ತಂತಿಗೆ ತಾಗುವ ಮರಗಳನ್ನು ಗುರುತು ಮಾಡಿ ಮೆಸ್ಕಾಂಗೆ ಹೇಳಿ, ಲೈನ್ ಆಫ್ ಆಗದೆ ನೀವೇ ಕತ್ತಿ ಹಿಡಿದು ಹತ್ತಬೇಡಿ. ಆ ಅರ್ಧ ದಿನ ಯಾರು ಬಂದ್ರು, ಯಾರು ಬರಲಿಲ್ಲ, ಯಾರು ಗಂಜಿ ಬೇಯಿಸಿ ಕಳಿಸಿದ್ರು ನೋಡಿಕೊಳ್ಳಿ. ನೀವು ಹುಡುಕುತ್ತಿದ್ದ ಸಮುದಾಯ ಅಲ್ಲಿ ಕಾಣಿಸ್ತದೆ.

2020ರ ಸೆಪ್ಟೆಂಬರ್ 20, ಭಾನುವಾರ. ರಾತ್ರಿ ಬೆಳಗಾಗುವಷ್ಟರಲ್ಲಿ ಉಡುಪಿಯ ತಗ್ಗು ಪ್ರದೇಶಗಳ ಮನೆಯೊಳಗೆ ನೀರು. ಎನ್‌ಡಿಆರ್‌ಎಫ್ ತಂಡ ಬಂತು, ಒಳ್ಳೇ ಕೆಲಸ ಮಾಡಿತು. ಆದರೆ ನಸುಕಿನಲ್ಲಿ ನೀರು ಏರುವಾಗ ದೋಣಿ ತಂದವರು, ಅಜ್ಜಿಯಂದಿರನ್ನು ಎತ್ತಿಕೊಂಡು ಹೋದವರು ಮೀನುಗಾರರು, ಪಕ್ಕದ ಮನೆಯ ಹುಡುಗರು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ನಮ್ಮ ಕಾಪು ಕಡೆಯ ಕಡಲಲ್ಲಿ ಬಂಡೆಗೆ ಸಿಕ್ಕಿಬಿದ್ದ ಟಗ್‌ನಿಂದ 9 ಮಂದಿಯನ್ನು ಕೋಸ್ಟ್ ಗಾರ್ಡ್, ನೌಕಾಪಡೆ ಕಾಪಾಡಿತು. ಆ ಕೆಲಸ ಹೆಲಿಕಾಪ್ಟರಿನದ್ದೇ. ನಿಮ್ಮ ಮನೆಯ ಹಂಚು ಹಾರಿದರೆ ಹೆಲಿಕಾಪ್ಟರ್ ಬರುವುದಿಲ್ಲ. ಜಪಾನಿನ ಕೋಬೆಯಲ್ಲಿ 1995ರಲ್ಲಿ ಭೂಕಂಪ ಆದಾಗಲೂ ಅವಶೇಷದಿಂದ ಹೆಚ್ಚಿನವರನ್ನು ಹೊರಗೆ ಎಳೆದದ್ದು ಮನೆಯವರು, ನೆರೆಯವರು.

ನಮ್ಮ ಊರುಗಳಲ್ಲಿ ಈಗ ನಿಜವಾದ ಚಿಂತೆ ಇದು: ಮಕ್ಕಳು ಮುಂಬಯಿ, ದುಬಾಯಿ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರೇ. ಯಾರ ಮನೆಯಲ್ಲಿ ಆಮ್ಲಜನಕದ ಯಂತ್ರ ಉಂಟು, ಯಾರ ಫ್ರಿಜ್ಜಿನಲ್ಲಿ ಇನ್ಸುಲಿನ್ ಉಂಟು ಅಂತ ಹತ್ತಿರದ ಎರಡು ಮನೆಗಾದ್ರೂ ಗೊತ್ತಿರಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸ್ತಾ ಇರುವ ಬಾಟಲಿಯನ್ನು ಫ್ರಿಜ್ಜಿನ ಹೊರಗೆ ತಂಪಾದ ಜಾಗದಲ್ಲಿ ಸಾಮಾನ್ಯವಾಗಿ ಕೆಲವು ವಾರ ಇಡಬಹುದು, ಎಷ್ಟು ದಿನ ಅಂತ ಅದರ ಡಬ್ಬಿಯಲ್ಲಿ ಬರೆದಿರ್ತದೆ. ಇದನ್ನು ಔಷಧಿ ಅಂಗಡಿಯಲ್ಲಿ ಈಗಲೇ ಕೇಳಿ ಬರೆದಿಡಿ. ಕರೆಂಟು ಹೋದ ಎರಡನೇ ರಾತ್ರಿ ಕೇಳಲಿಕ್ಕೆ ಆಗುವುದಿಲ್ಲ.

ಚಾವಣಿ ಮೇಲೆ ಸೋಲಾರ್ ಉಂಟಲ್ಲ ಅನ್ನುವವರಿಗೆ ಒಂದು ಮಾತು. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ಬಂದ್ ಆಗ್ತದೆ, ಬಿಸಿಲು ಎಷ್ಟೇ ಇರಲಿ. ತಂತಿ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೀಬಾರದು ಅಂತ ಹಾಗೆ ಮಾಡಿದ್ದು. ಹತ್ತು ಮನೆಯಲ್ಲಿ ಒಂದು ಮನೆಗೆ ಬ್ಯಾಟರಿ ಇರುವ ವ್ಯವಸ್ಥೆ ಇದ್ರೆ ಉಳಿದವರ ಫೋನ್, ಟಾರ್ಚು ಅಲ್ಲೇ ಚಾರ್ಜ್ ಆಗ್ತದೆ.

ನೀರು ನುಗ್ಗಿದ ಬಾವಿಯ ವಿಷಯವೂ ಹೀಗೇ, ಲೆಕ್ಕ ಒಬ್ಬರಿಗೆ ಗೊತ್ತಿದ್ದರೆ ಸಾಕು. ಕೆಸರು ನೀರನ್ನು ಮೊದಲು ಪಂಪು ಮಾಡಿ ತೆಗೀಬೇಕು. ಆಮೇಲೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೇ ಬ್ಲೀಚಿಂಗ್ ಪೌಡರ್. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರು ಇದ್ರೆ ಹತ್ತಿರಹತ್ತಿರ 28,000 ಲೀಟರ್, ಅಂದ್ರೆ 70 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಹಾಕಿ, ಕೊಡಪಾನದಲ್ಲಿ ಎತ್ತಿಳಿಸಿ ಕದಡಿ, ಒಂದು ಗಂಟೆ ಬಿಡಬೇಕು. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ತೋರಿಸಿಕೊಡ್ತಾರೆ.

ತೊಂದರೆ ಇಲ್ಲವಾ? ಉಂಟು. ವಾಟ್ಸ್ಯಾಪ್ ಗ್ರೂಪು ಮಾಡಿದ ಮೂರನೇ ದಿನ ರಾಜಕೀಯ ಬರ್ತದೆ. ಗ್ರೂಪಿನಲ್ಲಿ ಗಂಡಸರೇ ತುಂಬ್ತಾರೆ, ಯಾವ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಗೊತ್ತಿರುವ ಹೆಂಗಸರು ಹೊರಗೆ ಉಳೀತಾರೆ. ಹಣ ಒಟ್ಟು ಮಾಡಿದ್ರೆ ಲೆಕ್ಕದ ಜಗಳ. ನಾನು ಹೇಳುವುದು, ಮೊದಲ ವರ್ಷ ಹಣ ಬೇಡ, ವಸ್ತು ಮತ್ತು ಕೈಕೆಲಸ ಮಾತ್ರ: ಏಣಿ ಇವರದ್ದು, ಜೀಪು ಅವರದ್ದು. ಕಾಗದದಲ್ಲಿ ಬರೆದು ಪ್ರತಿ ಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿ. ನೆಟ್‌ವರ್ಕ್ ಹೋದರೂ ಕಾಗದ ಇರ್ತದೆ.

ಅದೇ ಕಾಗದದ ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಮೂರು ನಂಬರ್: ತುರ್ತು ಕರೆಗೆ 112, ಜಿಲ್ಲಾ ವಿಪತ್ತು ಸಹಾಯವಾಣಿ 1077, ಕರೆಂಟಿನ ದೂರಿಗೆ 1912. ತಂತಿ ಕಡಿದು ನೆಲಕ್ಕೆ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ದನವನ್ನೂ ಮಕ್ಕಳನ್ನೂ ಆ ಕಡೆ ಬಿಡಬೇಡಿ, ಒಬ್ಬರು ಅಲ್ಲಿ ದೂರದಲ್ಲಿ ಕಾವಲು ನಿಂತು ಇನ್ನೊಬ್ಬರು ಫೋನ್ ಮಾಡಿ.