ಹಸಿರು ಪಂಪು, ಕೆಂಪು ಪಂಪು

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೈಪಂಪುಗಳ ಮೂತಿಗೆ ಬಣ್ಣ ಬಳಿದದ್ದುಂಟು. ಹಸಿರಾದರೆ ಆ ನೀರನ್ನು ಕುಡಿಯಬಹುದು. ಕೆಂಪಾದರೆ ಕುಡಿಯುವುದಕ್ಕಾಗಲಿ ಅಡುಗೆಗಾಗಲಿ ಬಳಸಕೂಡದು. ಆದರೆ ಎರಡೂ ಪಂಪುಗಳ ನೀರನ್ನು ಆಗತಾನೆ ಲೋಟದಲ್ಲಿ ಹಿಡಿದು ನೋಡಿದರೆ ಯಾವ ವ್ಯತ್ಯಾಸವೂ ಕಾಣದು. ಬಣ್ಣ, ವಾಸನೆ, ರುಚಿಯಿಂದ ಪತ್ತೆಯಾಗದ ಆ ವಿಷವೇ ಆರ್ಸೆನಿಕ್. ಜನ ಪಾಷಾಣವೆಂದು ಹೆದರುವುದು ಇದರದೇ ಒಂದು ಸಂಯುಕ್ತಕ್ಕೆ.

ಗಂಗಾ ಮತ್ತು ಬ್ರಹ್ಮಪುತ್ರ ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣಿನಿಂದ ಬೆಳೆದ ನದೀಮುಖಜ ಭೂಮಿ ಬಂಗಾಳ. ಅಲ್ಲಿ ನೀರಿಗೇನೂ ಬರವಿರಲಿಲ್ಲ. ಆದರೆ ಕೆರೆ, ಹೊಂಡಗಳ ನೀರು ಕುಡಿದ ಮಕ್ಕಳು ಕಾಲರಾ, ವಾಂತಿಭೇದಿಗೆ ತುತ್ತಾಗುತ್ತಿದ್ದರು. ಇದನ್ನು ತಡೆಯಲೆಂದು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಬಾಂಗ್ಲಾದೇಶದ ಊರೂರಲ್ಲಿ ಕೊಳವೆಬಾವಿಗಳನ್ನು ಕೊರೆಯಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಆಗಿನ ನೀರು ಪರೀಕ್ಷೆಯ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ.

1983ರಲ್ಲಿ ಕಲ್ಕತ್ತದ ಚರ್ಮರೋಗ ತಜ್ಞ ಡಾ. ಕೆ.ಸಿ. ಸಾಹಾ ಪಶ್ಚಿಮ ಬಂಗಾಳದ ಹಳ್ಳಿಗಳಿಂದ ಬಂದ ರೋಗಿಗಳಲ್ಲಿ ಮಳೆಹನಿಯಂಥ ಕಲೆಗಳನ್ನೂ ಒರಟಾದ ಅಂಗೈಗಳನ್ನೂ ಕಂಡು, ಇದು ಆರ್ಸೆನಿಕ್ ವಿಷವೆಂದು ಗುರುತಿಸಿದರು. ಮೂಲ ಕೊಳವೆಬಾವಿಯ ನೀರು. 1993ರಲ್ಲಿ ಬಾಂಗ್ಲಾದೇಶದ ಬಾವಿಗಳಲ್ಲೂ ಅದು ಪತ್ತೆಯಾಯಿತು. ವರ್ಷಗಟ್ಟಲೆ ಇಂಥ ನೀರು ಕುಡಿದವರಿಗೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಬರುವ ಅಪಾಯವಿದೆ.

ಈ ವಿಷವನ್ನು ನೀರಿಗೆ ಬೆರೆಸಿದವರಾರು? ಯಾವ ಕಾರ್ಖಾನೆಯೂ ಅಲ್ಲ, ನಿಸರ್ಗವೇ! ಮೆಕ್ಕಲು ಕಣಗಳ ಮೇಲೆ ಕಬ್ಬಿಣದ ಆಕ್ಸೈಡಿನ ತೆಳುಲೇಪವಿರುತ್ತದೆ. ಆರ್ಸೆನಿಕ್ ಅದಕ್ಕೆ ಅಂಟಿಕೊಂಡಿರುತ್ತದೆ. ಮಣ್ಣಿನೊಂದಿಗೆ ಹೂತುಹೋದ ಎಲೆ, ಬೇರುಗಳನ್ನು ಸೂಕ್ಷ್ಮಜೀವಿಗಳು ಕೊಳೆಸುವಾಗ ಅಲ್ಲಿನ ಆಮ್ಲಜನಕ ಮುಗಿದುಹೋಗುತ್ತದೆ. ಆಗ ಬೇರೆ ಬಗೆಯ ಸೂಕ್ಷ್ಮಜೀವಿಗಳು ಕಬ್ಬಿಣದ ಆಕ್ಸೈಡನ್ನೇ ಬಳಸತೊಡಗುತ್ತವೆ. ಲೇಪ ಕರಗಿ, ಆರ್ಸೆನಿಕ್ ಬಿಡುಗಡೆಯಾಗಿ ಅಂತರ್ಜಲ ಸೇರುತ್ತದೆ. ಮಣ್ಣಿನ ಪದರಗಳು ಒಂದೇ ಸಮನಾಗಿಲ್ಲದ ಕಾರಣ ಒಂದು ಮನೆಯ ಬಾವಿ ವಿಷವಾದರೆ ಪಕ್ಕದ ಮನೆಯದು ಶುದ್ಧವಾಗಿರಬಹುದು. ಆದ್ದರಿಂದ ಪ್ರತಿಯೊಂದು ಬಾವಿಯನ್ನೂ ಪರೀಕ್ಷಿಸಲೇಬೇಕು.

ಸ್ಥಳದಲ್ಲೇ ಮಾಡುವ ಪರೀಕ್ಷೆ ಸರಳವಾದದ್ದು. ನೀರಿಗೆ ಆಮ್ಲ ಮತ್ತು ಸತುವಿನ ಪುಡಿ ಸೇರಿಸಿದಾಗ ಆರ್ಸೆನಿಕ್ ಆರ್ಸೀನ್ ಎಂಬ ವಿಷಾನಿಲವಾಗಿ ಮೇಲೇಳುತ್ತದೆ. ಮರ್ಕ್ಯುರಿಕ್ ಬ್ರೋಮೈಡ್ ಸವರಿದ ಕಾಗದಕ್ಕೆ ಅದು ತಗುಲಿದರೆ ಹಳದಿಯಿಂದ ಕಂದುಬಣ್ಣದವರೆಗಿನ ಕಲೆ ಮೂಡುತ್ತದೆ. ಕಲೆ ಗಾಢವಾದಷ್ಟೂ ವಿಷ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಲೀಟರಿನಲ್ಲಿ 10 ಮೈಕ್ರೋಗ್ರಾಂ, ಅಂದರೆ ನೂರು ಕೋಟಿ ಭಾಗ ನೀರಿನಲ್ಲಿ ಹತ್ತು ಭಾಗ ಮೀರಬಾರದು. ಬಾಂಗ್ಲಾದೇಶದ ಮಿತಿ 50. 1998-99ರ ಸಮೀಕ್ಷೆಯಲ್ಲಿ 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳ ಪೈಕಿ ಶೇಕಡಾ 27 ಈ ಮಿತಿಯನ್ನೂ ಮೀರಿದ್ದವು. ಅದಕ್ಕಿಂತ ಆಳದ ಬಾವಿಗಳು ಬಹುಮಟ್ಟಿಗೆ ಸುರಕ್ಷಿತವಾಗಿದ್ದವು.

ನೀರು ಕುದಿಸಿದರೆ ಸಾಲದೇ ಎಂದು ತಾಯಂದಿರು ಕೇಳಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ನಮ್ಮ ಕೋಲಾರ, ತುಮಕೂರು ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಕಂಡುಬರುವ ಫ್ಲೋರೈಡಿನ ಕಥೆಯೂ ಇದೇ, ಅದು ಬರುವುದು ಮೆಕ್ಕಲಿನಿಂದಲ್ಲ, ಬಂಡೆಯಿಂದ ಅಷ್ಟೇ.

ಬಾಂಗ್ಲಾದೇಶದಲ್ಲಿ ಪಂಪಿನ ಬಣ್ಣ ಕಾಲಕ್ರಮದಲ್ಲಿ ಮಾಸಿತು, ಹೊಸ ಬಾವಿಗಳು ಪರೀಕ್ಷೆಯಿಲ್ಲದೆ ಎದ್ದವು. ಒಮ್ಮೆ ಪರೀಕ್ಷಿಸಿ ಮರೆತರೆ ಸಾಲದು. ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ ಎಂಬ ಪಾಠವನ್ನು ಬಂಗಾಳದ ಜನ ಬಹಳ ದುಬಾರಿ ಬೆಲೆ ತೆತ್ತು ಕಲಿತರು. ನಾವಾದರೋ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ಕಲಿಯಬಹುದು.