ಕಣ್ಣಿಗೆ ಎಣ್ಣೆ ಬಿಟ್ಟುಕೊಂಡರೂ ಕಾಣದ ಗೊರಿಲ್ಲಾ

ಶ್ವಾಸಕೋಶದ ಸಿ.ಟಿ. ಸ್ಕ್ಯಾನ್ ಓದುವುದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವ ಕೆಲಸ. ಎದೆಗೂಡನ್ನು ತೆಳುವಾಗಿ ಹೋಳು ಮಾಡಿದಂತಿರುವ ಚಿತ್ರಗಳನ್ನು ಹಿಂದೆ ಮುಂದೆ ಸರಿಸುತ್ತ, ರಕ್ತನಾಳಗಳ ಬಿಳಿ ಚುಕ್ಕೆಗಳ ನಡುವೆ ಕ್ಯಾನ್ಸರ್ ಆಗಿರಬಹುದಾದ ಸಣ್ಣ ಗಂಟನ್ನು ಹೆಕ್ಕಬೇಕು. ಟ್ರಾಫ್ಟನ್ ಡ್ರೂ, ಮೆಲಿಸ್ಸಾ ವೊ, ಜೆರೆಮಿ ವುಲ್ಫ್ ಎಂಬ ಸಂಶೋಧಕರು 24 ಮಂದಿ ರೇಡಿಯಾಲಜಿಸ್ಟರಿಗೆ ಈ ಕೆಲಸ ಕೊಟ್ಟು, ಕೊನೆಯ ಸ್ಕ್ಯಾನಿನೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಗೊರಿಲ್ಲಾ ಚಿತ್ರವೊಂದನ್ನು ಸೇರಿಸಿಟ್ಟರು. ಸರಾಸರಿ ಗಂಟಿಗಿಂತ ಅದು 48 ಪಟ್ಟು ದೊಡ್ಡದು. 20 ಮಂದಿಗೆ ಅದು ಕಾಣಲೇ ಇಲ್ಲ. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದವರಿಗೆ ಮೊದಲು ಹೊಳೆಯುವುದು, ಅವರು ಆ ಕಡೆ ನೋಡಿಯೇ ಇರಲಿಕ್ಕಿಲ್ಲ ಎಂದು. ಆದರೆ ಅವರ ಕಣ್ಣಿನ ಚಲನೆಯೂ ದಾಖಲಾಗಿತ್ತು: ಆ 20ರಲ್ಲಿ 12 ಮಂದಿಯ ನೋಟ ನೇರವಾಗಿ ಗೊರಿಲ್ಲಾ ಇದ್ದ ಜಾಗದ ಮೇಲೇ ಬಿದ್ದಿತ್ತು. ಚಿತ್ರ ಮಸುಕಾಗಿತ್ತು ಎನ್ನುವಂತೆಯೂ ಇಲ್ಲ. ಆಮೇಲೆ ಅದೇ ಚಿತ್ರ ತೋರಿಸಿ ಕೇಳಿದಾಗ ಎಲ್ಲರಿಗೂ ಗೊರಿಲ್ಲಾ ಕಂಡಿತು. ನೋಟ ಬಿದ್ದಲ್ಲಿ ಅವಧಾನವೂ ಇರುತ್ತದೆಂದು ನಾವು ಸುಮ್ಮನೆ ನಂಬಿಕೊಂಡಿದ್ದೇವೆ.

ಗೊರಿಲ್ಲಾವೇ ಏಕೆಂದರೆ, ಅದು 1999ರ ಹಳೆಯ ನಂಟು. ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಷಾಬ್ರಿಸ್ ಚೆಂಡಾಟದ ವಿಡಿಯೊದಲ್ಲಿ ಪಾಸುಗಳನ್ನು ಎಣಿಸಲು ಹೇಳಿದಾಗ, ಆಟದ ನಡುವೆ ಹಾದುಹೋದ ಗೊರಿಲ್ಲಾ ವೇಷಧಾರಿ ಸುಮಾರು ಅರ್ಧದಷ್ಟು ಜನರ ಗಮನಕ್ಕೇ ಬರಲಿಲ್ಲ. ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ವಿವರವೇ ನನಗೆ ಮುಖ್ಯ: ಬಿಳಿ ಅಂಗಿಯವರ ಪಾಸು ಎಣಿಸುತ್ತಿದ್ದವರಿಗಿಂತ ಕಪ್ಪು ಅಂಗಿಯವರದನ್ನು ಎಣಿಸುತ್ತಿದ್ದವರಲ್ಲಿ ಗೊರಿಲ್ಲಾ ಕಂಡವರು ಹೆಚ್ಚು. ಗೊರಿಲ್ಲಾ ಕಪ್ಪು ತಾನೆ! ಅಂದರೆ ಗಮನ ಕುರುಡಾಗಿ ಮುಚ್ಚಿಕೊಳ್ಳುವುದಿಲ್ಲ, ಹುಡುಕುತ್ತಿರುವುದನ್ನು ಹೋಲುವುದಕ್ಕೆ ಬಾಗಿಲು ತೆರೆದಿಟ್ಟು ಉಳಿದದ್ದನ್ನು ಹೊರಗೆ ನಿಲ್ಲಿಸುತ್ತದೆ. ನಿರೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಲ್ಲದ್ದನ್ನೂ ಸೇರಿಸಬಲ್ಲದು. 1949ರಲ್ಲಿ ಜೆರೋಮ್ ಬ್ರೂನರ್ ಮತ್ತು ಲಿಯೊ ಪೋಸ್ಟ್‌ಮನ್ ಬಣ್ಣ ಅದಲುಬದಲಾದ ಇಸ್ಪೀಟ್ ಎಲೆಗಳನ್ನು ಕ್ಷಣಮಾತ್ರ ತೋರಿಸಿದಾಗ, ಕಪ್ಪು ಆಟೀನು ಹಲವರ ಕಣ್ಣಿಗೆ ಮಾಮೂಲಿ ಎಲೆಯಾಗಿಯೇ ಕಂಡಿತ್ತು.

ಇಷ್ಟರಿಂದಲೇ ಕೆಲವರು ‘ನಾವು ಕಾಣುವುದೆಲ್ಲ ಮೆದುಳಿನ ಕಟ್ಟುಕಥೆ’ ಎಂಬ ತೀರ್ಮಾನಕ್ಕೆ ಹಾರುತ್ತಾರೆ. ಆದರೆ ಅದೇ ಇಸ್ಪೀಟ್ ಎಲೆಗಳನ್ನು ತುಸು ಹೆಚ್ಚು ಹೊತ್ತು ತೋರಿಸಿದಾಗ ಬಹುಪಾಲು ಜನ ಅದಲುಬದಲನ್ನು ಹಿಡಿದರು. ಹೊರಗಿನ ಜಗತ್ತು ಊಹೆಯನ್ನು ತಿದ್ದುತ್ತಲೇ ಇರುತ್ತದೆ. ಹಾಗಾದರೆ ಪರಿಣತಿ ಕಣ್ಣಿಗೆ ಕಟ್ಟಿದ ಪಟ್ಟಿಯೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದಕ್ಕೂ ಸ್ಕ್ಯಾನ್ ಪ್ರಯೋಗದಲ್ಲೇ ಉತ್ತರವಿದೆ. ವೈದ್ಯಕೀಯ ತರಬೇತಿಯಿಲ್ಲದ 25 ಮಂದಿಗೂ ಅವೇ ಸ್ಕ್ಯಾನುಗಳನ್ನು ಕೊಟ್ಟಿದ್ದರು. ಅವರಲ್ಲಿ ಒಬ್ಬರಿಗೂ ಗೊರಿಲ್ಲಾ ಕಾಣಲಿಲ್ಲ. ಗಂಟುಗಳ ಲೆಕ್ಕದಲ್ಲಿ ರೇಡಿಯಾಲಜಿಸ್ಟರು ಶೇ 55ರಷ್ಟನ್ನು ಹಿಡಿದಿದ್ದರೆ, ಇವರು ಹಿಡಿದದ್ದು ಶೇ 12 ಮಾತ್ರ.