ಕಾರಣವಾಚಕ ವಾಕ್ಯಗಳು: ಕನ್ನಡದ ಕ್ರಮ ಮತ್ತು ಇಂಗ್ಲಿಷಿನ ಮಾದರಿ

ಕಾರಣವನ್ನು ಮೊದಲು ಹೇಳಿ ಕಾರ್ಯವನ್ನು ಅನಂತರ ಹೇಳುವುದು ಕನ್ನಡ ವಾಕ್ಯದ ಸಹಜ ಕ್ರಮ. ‘2021ರಲ್ಲಿ ಮೆಟ್ರೊ ಕೆಂಗೇರಿಗೆ ಬಂದದ್ದರಿಂದ ಮೈಸೂರು ರಸ್ತೆಯ ಪ್ರಯಾಣ ಸುಲಭವಾಯಿತು’ ಎಂಬಲ್ಲಿ ‘ಬಂದದ್ದು’ ಎಂಬ ಕೃದಂತನಾಮಕ್ಕೆ ‘ಇಂದ’ ಪ್ರತ್ಯಯ ಸೇರಿ ಕಾರಣವನ್ನು ಸೂಚಿಸುತ್ತದೆ. ಇಂಗ್ಲಿಷಿನ ‘ಬಿಕಾಸ್’ ಉಪವಾಕ್ಯವಾದರೋ ಸಾಮಾನ್ಯವಾಗಿ ಪ್ರಧಾನ ವಾಕ್ಯದ ಅನಂತರ ಬರುತ್ತದೆ. ಅದೇ ಕ್ರಮವನ್ನು ಉಳಿಸಿಕೊಳ್ಳುವ ಅನುವಾದಕರು ‘ಏಕೆಂದರೆ’ ಎಂಬ ಪದವನ್ನು ಆಶ್ರಯಿಸುತ್ತಾರೆ.

ಇಷ್ಟರಿಂದಲೇ ‘ಏಕೆಂದರೆ’ ಇಂಗ್ಲಿಷಿನ ಕೊಡುಗೆ ಎಂದು ತೀರ್ಮಾನಿಸಲಾಗದು. ವಚನಗಳಲ್ಲಿ ‘ಅದೇನು ಕಾರಣವೆಂದಡೆ’, ‘ಅದೆಂತೆಂದಡೆ’ ಎಂಬ ಪ್ರಯೋಗಗಳು ಹೇರಳವಾಗಿವೆ. ಮಾತನ್ನು ಮೊದಲು ಮಂಡಿಸಿ, ಕೇಳುಗನ ಪ್ರಶ್ನೆಯನ್ನು ತಾನೇ ಎತ್ತಿ ಉತ್ತರಿಸುವ ಈ ಕ್ರಮ ಕನ್ನಡದ್ದೇ. ಆದ್ದರಿಂದ ಇಂಗ್ಲಿಷಿನ ಪ್ರಭಾವವನ್ನು ಪದದಲ್ಲಿ ಹುಡುಕುವುದಕ್ಕಿಂತ ಅದರ ಬಳಕೆಯ ಸಂದರ್ಭದಲ್ಲಿ ಹುಡುಕುವುದು ಸೂಕ್ತ.

ಕಾರಣಕ್ಕೆ ಒತ್ತು ಕೊಡುವಾಗ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ಪದಕ್ರಮ ಬಿಗಿಯಾದುದರಿಂದ ‘ಇಟ್ ಈಸ್ ಬಿಕಾಸ್... ದಟ್’ ಎಂದು ವಾಕ್ಯವನ್ನು ಸೀಳುವ ಮಾದರಿಯೊಂದು ಬೆಳೆದಿದೆ. ಕನ್ನಡದಲ್ಲಿ ಕ್ರಿಯೆಯನ್ನು ಕೃದಂತನಾಮವಾಗಿಸಿ ಮುಂದಿಟ್ಟು, ಕಾರಣವನ್ನು ಕೊನೆಗೆ ತಂದು ಅವಧಾರಣೆಯ ‘ಏ’ ಸೇರಿಸಿದರೆ ಸಾಕು: ‘ಅವರು ರಾಜಾಜಿನಗರದ ಮನೆ ಮಾರಿದ್ದು ಬೆಲೆ ಏರಿದ್ದರಿಂದಲೇ’. ‘ಅದು ಬೆಲೆ ಏರಿದ ಕಾರಣದಿಂದ ಆಗಿದೆ’ ಎಂದು ಆರಂಭಿಸುವ ಪದಶಃ ಅನುವಾದದಲ್ಲಿ ‘ಅದು’ ಯಾವುದನ್ನೂ ನಿರ್ದೇಶಿಸದೆ ಉಳಿಯುತ್ತದೆ.

ನಿಷೇಧ ಸೇರಿದಾಗ ಅರ್ಥವೇ ಪಲ್ಲಟಗೊಳ್ಳಬಹುದು. ‘ದೇ ಡಿಡ್ ನಾಟ್ ಸೆಲ್ ದ ಹೌಸ್ ಬಿಕಾಸ್ ದ ಪ್ರೈಸ್ ಹ್ಯಾಡ್ ರಿಸನ್’ ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ. ಕನ್ನಡ ಅವುಗಳನ್ನು ಎರಡು ವಾಕ್ಯಗಳಾಗಿ ಬೇರ್ಪಡಿಸುತ್ತದೆ:

1. ಬೆಲೆ ಏರಿದ್ದರಿಂದ ಅವರು ಮನೆ ಮಾರಲಿಲ್ಲ.
2. ಅವರು ಮನೆ ಮಾರಿದ್ದು ಬೆಲೆ ಏರಿದ್ದರಿಂದಲ್ಲ.

ಮೊದಲನೆಯದರಲ್ಲಿ ಮನೆ ಮಾರಾಟವಾಗಿಲ್ಲ. ಎರಡನೆಯದರಲ್ಲಿ ಮಾರಾಟವಾಗಿದೆ, ಕಾರಣ ಮಾತ್ರ ಬೇರೆ. ‘ಅವರು ಮನೆ ಮಾರಲಿಲ್ಲ, ಏಕೆಂದರೆ ಬೆಲೆ ಏರಿತ್ತು’ ಎಂಬ ಅನುವಾದ ಮೊದಲನೆಯ ಅರ್ಥವನ್ನಷ್ಟೇ ಕೊಡುತ್ತದೆ. ಮೂಲದ ಉದ್ದೇಶ ಎರಡನೆಯದಾಗಿದ್ದರೆ ನಡೆದ ಘಟನೆಯೇ ನಡೆದಿಲ್ಲವೆಂದು ದಾಖಲಾಗುತ್ತದೆ. ನ್ಯಾಯಾಲಯದ ತೀರ್ಪು, ಆಡಳಿತದ ಆದೇಶ, ಇತಿಹಾಸ ಗ್ರಂಥಗಳ ಅನುವಾದದಲ್ಲಿ ಇದು ಅಲಕ್ಷಿಸಬಹುದಾದ ದೋಷವಲ್ಲ.

ಹೀಗಾಗಿ ಅನುವಾದದ ಬೋಧನೆಯಲ್ಲಿ ‘ಬಿಕಾಸ್’ ಎಂಬುದಕ್ಕೆ ‘ಏಕೆಂದರೆ’ ಎಂಬ ಒಂದೇ ಸಮಾನಪದವನ್ನು ಕೊಡುವುದು ಸಾಲದು. ನಿಷೇಧ ಕ್ರಿಯೆಗೆ ಅನ್ವಯಿಸುತ್ತದೆಯೋ ಕಾರಣಕ್ಕೋ ಎಂಬುದನ್ನು ಮೊದಲು ನಿರ್ಧರಿಸಬೇಕು. ‘ಇಲ್ಲ’ ಮತ್ತು ‘ಅಲ್ಲ’ ಎಂಬ ಎರಡು ನಿಷೇಧರೂಪಗಳನ್ನುಳ್ಳ ಕನ್ನಡಕ್ಕೆ ಆ ನಿರ್ಧಾರವನ್ನು ಸ್ಪಷ್ಟವಾಗಿ ನುಡಿಯುವ ಸಾಮರ್ಥ್ಯ ಸಹಜವಾಗಿಯೇ ಇದೆ.